ಬೈರಾಸು ಹಾಕಿಟ್ಟ ಸೀಟು

ಕಾಪು,
ಜುಲೈ 14, ಸೋಮವಾರ

ಹತ್ತನೇ ತರಗತಿಯ ಕ್ಯಾರೆನಳ ತಂದೆಯವರಾದ ಶ್ರೀ ಸಿರಿಲ್ ಅವರಿಗೆ ಅವಳ ಕನ್ನಡ ಟೀಚರ್ ಮಾಡುವ ನಮಸ್ಕಾರಗಳು.

ನಗಬೇಡ ಸಿರಿಲ್. ಜೂನ್ ತಿಂಗಳಿಂದ ಪೋಷಕರಿಗೆಲ್ಲ ಹೀಗೆ ಬರೆದು ಬರೆದು ಕೈಗೆ ಇದೇ ರೂಢಿಯಾಗಿದೆ. ಇಡೀ ತರಗತಿಯಲ್ಲಿ ನನ್ನ ಪತ್ರ ತಲುಪದ ತಂದೆ ನೀನೊಬ್ಬನೇ. ಇವತ್ತು ಮಳೆಗೆಂದು ಶಾಲೆಗೆ ರಜೆ ಕೊಟ್ಟಿದ್ದಾರೆ. ರಜೆ ಘೋಷಿಸಿದ ಮೇಲೆ ಮಳೆ ನಿಂತಿದೆ, ಅದು ಯಾವಾಗಲೂ ಹಾಗೆಯೇ. ಕ್ಯಾರೆನ್ ಒಳಗೆ ಕುಳಿತು ಗಣಿತ ಮಾಡುತ್ತಿದ್ದಾಳೆ ಎಂದು ನಾನು ನಂಬಿದ್ದೆ. ಈಗ ಬಾಗಿಲ ಆಚೆಯಿಂದ "ಉಚ್ಚಿಲ, ಉಚ್ಚಿಲ, ಇಳಿಯುವವರು ಎದುರು ಬನ್ನಿ" ಎಂಬ ಕೂಗು ಕೇಳುತ್ತಿದೆ. ನಂಬಿಕೆ ಸ್ವಲ್ಪ ಸಡಿಲವಾಗಿದೆ.

ಫೋನು ಇರುವಾಗ ಪತ್ರ ಯಾಕೆ ಎಂದು ಕೇಳುತ್ತೀಯ. ಫೋನಿನಲ್ಲಿ ನಮಗೆ ಮೂರನೆಯ ಮಾತಿಗೆ ಜಗಳ ಹತ್ತುತ್ತದೆ, ನಾಲ್ಕನೆಯ ಮಾತಿಗೆ ನಿನಗೆ ಟ್ರಿಪ್‌ಗೆ ಹೊತ್ತಾಗುತ್ತದೆ. ವಾಟ್ಸಾಪಿನಲ್ಲಿ ಎಷ್ಟು ಉದ್ದ ಬರೆದರೂ ಒಂದು ಹೆಬ್ಬೆರಳು ಕಳಿಸಿ ಮುಗಿಸಿಬಿಡುತ್ತೀಯ. ಪತ್ರಕ್ಕೆ ಹೆಬ್ಬೆರಳು ತೋರಿಸಲು ಬರುವುದಿಲ್ಲ. ಮನೆಮಾತು ಕೊಂಕಣಿ ಬಿಟ್ಟು ಕನ್ನಡದಲ್ಲಿ ಯಾಕೆ ಎಂದರೆ, ಕೊಂಕಣಿಯಲ್ಲಿ ಶುರುಮಾಡಿದರೆ ನಾನು ಅರ್ಧದಲ್ಲಿ ಅಳುತ್ತೇನೆ, ಇಲ್ಲವೇ ಬೈಯುತ್ತೇನೆ. ಕನ್ನಡ ನಾನು ಪಾಠ ಹೇಳುವ ಭಾಷೆ. ಅದರಲ್ಲಾದರೆ ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಬೇಕಾದದ್ದನ್ನು ಹೇಳಬಹುದು.

ಹೇಳಬೇಕಾದದ್ದು ಇಷ್ಟು. ಇದೇ ಇಪ್ಪತ್ತೇಳನೇ ತಾರೀಕು ಆದಿತ್ಯವಾರ, ಮಧ್ಯಾಹ್ನ ಮೂರು ಗಂಟೆಗೆ, ನಮ್ಮ ಶಾಲೆಯ ಸಭಾಂಗಣದಲ್ಲಿ ಮಕ್ಕಳ ನಾಟಕ. ಹೆಸರು 'ಕೊನೆಯ ಟ್ರಿಪ್'. ವೇದಿಕೆಯ ಮೇಲೆ ಒಂದು ಬಸ್ಸು ಇರುತ್ತದೆ. ಕಂಡಕ್ಟರ್ ನಿನ್ನ ಮಗಳು. ಪ್ರಯಾಣಿಕರು ಉಳಿದ ಮಕ್ಕಳು ಮತ್ತು ಅವರ ಅಪ್ಪ ಅಮ್ಮಂದಿರು. ಡ್ರೈವರ್ ಸೀಟು ಖಾಲಿ ಉಂಟು. ನೀನು ಬಂದು ಅದರಲ್ಲಿ ಕುಳಿತುಕೊಳ್ಳಬೇಕು. ನೋಡಲು ಬಾ ಎಂದು ಕರೆಯುತ್ತಿಲ್ಲ, ನೋಡುವವರ ಸಾಲಿನಲ್ಲಿ ನಿನಗೆ ಜಾಗ ಇಟ್ಟೇ ಇಲ್ಲ. ಇದು ನನಗೋಸ್ಕರವೂ ಅಲ್ಲ, ಅದನ್ನು ಮೊದಲೇ ಸ್ಪಷ್ಟ ಮಾಡಿಬಿಡುತ್ತೇನೆ. ಕ್ಯಾರೆನಳಿಗೋಸ್ಕರ.

"ನೋಡುವ" ಅನ್ನಬೇಡ. ನಮ್ಮ ಕಡೆ "ನೋಡುವ" ಎಂದರೆ "ಇಲ್ಲ" ಎಂದೇ ಲೆಕ್ಕ, ಅದು ಹಾಲು ಕುಡಿಯುವ ಮಗುವಿಗೂ ಗೊತ್ತು. ಕಳೆದ ತಿಂಗಳು ಅವಳು ನಿನ್ನ ಬಸ್ಸಿನಲ್ಲಿ ಇಂಜಿನ್ ಪಕ್ಕದ ಸೀಟಿನಲ್ಲಿ ಕುಳಿತು ಕಾರ್ಕಳಕ್ಕೆ ಬಂದಾಗ ಈ ವಿಷಯ ಕೇಳಿದಳಂತೆ. ನೀನು ರಸ್ತೆಯಿಂದ ಕಣ್ಣು ತೆಗೆಯದೆ "ನೋಡುವ ಮಗಾ" ಅಂದೆಯಂತೆ. ಮನೆಗೆ ಬಂದು ಚಪ್ಪಲಿ ಬಿಚ್ಚುತ್ತಾ, ಪಪ್ಪಾ ಬರುವುದಿಲ್ಲ ಎಂದಷ್ಟೇ ಹೇಳಿದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಸಂಕಟ ಆಗುತ್ತಿರಲಿಲ್ಲ. ಅವಳಿಗೆ ಹತ್ತನೇ ತರಗತಿ, ಈ ಶಾಲೆಯಲ್ಲಿ ಇದೇ ಕೊನೆಯ ನಾಟಕ.

ನಾಟಕಕ್ಕೆ ಅಪ್ಪ ಅಮ್ಮಂದಿರು ಯಾಕೆ ಬಂದರು ಎಂಬುದನ್ನು ಮೊದಲಿನಿಂದ ಹೇಳುತ್ತೇನೆ. ನಾನು ಶಾಲೆಯಲ್ಲಿ ನಾಟಕದ ತಂಡ ಕಟ್ಟಿದಾಗಿನಿಂದ ಪ್ರತಿ ಡಿಸೆಂಬರಿನಲ್ಲಿ ವಾರ್ಷಿಕೋತ್ಸವಕ್ಕೆ ಒಂದು ನಾಟಕ ಮಾಡಿಸಿದ್ದೇನೆ. ಪ್ರತಿ ಸಲವೂ ಪೋಷಕರಿಗೆ ಚೀಟಿ ಹೋಗುತ್ತಿತ್ತು, ಪ್ರತಿ ಸಲವೂ ಅವರ ಬೆಂಚುಗಳು ಖಾಲಿ. ಈ ಪೋಷಕರಿಗೆ ಆಸಕ್ತಿಯೇ ಇಲ್ಲ ಎಂದು ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಾ ಹೇಳಿಬಿಡುವುದು ಬಹಳ ಸುಲಭ. ಡಿಸೆಂಬರ್ ಎಂದರೆ ಬೋಟುಗಳು ಕಡಲಲ್ಲಿ, ಹೆಂಗಸರು ಮೀನು ಮಾರ್ಕೆಟಿನಲ್ಲಿ. ಬರಬೇಕಾದವರಿಗೆ ಪುರುಸೊತ್ತೇ ಇಲ್ಲದ ತಿಂಗಳನ್ನು ಹುಡುಕಿ ನಾಟಕ ಇಡುತ್ತಿದ್ದೆವು. ಈ ವರ್ಷ ನಾನು ಹಠ ಹಿಡಿದೆ. ಮಳೆಗಾಲದಲ್ಲಿ ಮೀನುಗಾರಿಕೆಗೆ ನಿಷೇಧ ಇರುತ್ತದೆ, ಬೋಟುಗಳೆಲ್ಲ ದಡದಲ್ಲಿರುತ್ತವೆ. ಆಗಲೇ ನಾಟಕ, ಬೋಟು ನೀರಿಗಿಳಿಯುವ ಮೊದಲು. ಮತ್ತೆ ಬರೀ ಚೀಟಿ ಕಳಿಸಿ ಕಾಯುವುದಿಲ್ಲ, ನಾನೇ ಹೋಗುತ್ತೇನೆ.

ಹೋದೆ. ಉಚ್ಚಿಲದ ಕಡಲ ಬದಿಯಲ್ಲಿ ಗಂಡಸರು ಬಲೆ ಹೆಣೆಯುವ ಶೆಡ್ಡಿಗೆ, ಕೊಡೆ ಹಿಡಿದುಕೊಂಡು, ಸೀರೆ ಮೊಣಕಾಲವರೆಗೆ ಒದ್ದೆ. ನಿಖಿತಾಳ ಅಪ್ಪ ತಾರಾನಾಥ ನನ್ನನ್ನು ಕಂಡದ್ದೇ ಬಲೆ ಬಿಟ್ಟು ಎದ್ದು ನಿಂತ. "ಎಂತ ಟೀಚರೇ, ನಮ್ಮ ನಿಖಿತಾ ಎಂತ ಲೂಟಿ, ತಂಟೆ ಮಾಡಿದ್ದು?" ಎಂದು ಕೇಳಿದ. ಅವನ ಮುಖ ನೋಡಿ ನನಗೆ ನಗು ಬಂತು, ಆಮೇಲೆ ಬೇಜಾರೂ ಆಯಿತು. ನಾವು ಅವರನ್ನು ಕರೆಯುವುದೇ ಮಕ್ಕಳ ಮೇಲೆ ದೂರು ಹೇಳಲು, ಇಲ್ಲದಿದ್ದರೆ ಸಹಿ ಹಾಕಿಸಲು. ಒಳ್ಳೆಯ ಸುದ್ದಿಗೆ ಕರೆದದ್ದೇ ಇಲ್ಲ.

ನಾಟಕ ಎಂದ ತಕ್ಷಣ ಎಲ್ಲರೂ ಹಿಂದೆ ಸರಿದರು. ಹತ್ತನೇ ಕ್ಲಾಸಿನವರಿಗೆ ನಾಟಕ ಎಂತಕ್ಕೆ ಎಂದು ಕೆಲವರು. ಮೈಕ್ ಕಂಡರೆ ಕೈಕಾಲು ನಡುಗುತ್ತದೆ ಎಂದು ಕೆಲವರು. ಬಾಯಿಪಾಠ ಮಾಡಲು ಬರುತ್ತಿದ್ದರೆ ನಾವು ಯಾಕೆ ಏಳನೇ ಕ್ಲಾಸಿಗೆ ಶಾಲೆ ಬಿಡುತ್ತಿದ್ದೆವು ಎಂದು ತಾರಾನಾಥ. ನಾನು ಮೂರು ಸಲ ಹೋದೆ. ನಾಲ್ಕನೆಯ ಸಲ ಕಂಡಾಗ "ಈ ಟೀಚರ್ ಬಿಡುವ ಜನ ಅಲ್ಲ" ಎಂದು ಯಾರೋ ತುಳುವಿನಲ್ಲಿ ಹೇಳಿದ್ದು ಕೇಳಿಸಿತು. ನಿನಗಂತೂ ಅದು ಮೊದಲೇ ಗೊತ್ತಿತ್ತು.

ದಾರಿ ತೋರಿಸಿದ್ದು ಮಕ್ಕಳು. ಅವರಿಗೆ ಅಭಿನಯ ಬೇಡ ಟೀಚರ್, ಬಸ್ಸಿನಲ್ಲಿ ಕೂತುಕೊಂಡರೆ ಸಾಕು ಎಂದರು. ಬಸ್ಸಿನಲ್ಲಿ ಕುಳಿತುಕೊಳ್ಳಲು ಬಾರದವರು ನಮ್ಮ ಜಿಲ್ಲೆಯಲ್ಲಿ ಯಾರುಂಟು! ಒಬ್ಬೊಬ್ಬ ಮಗುವೂ ಮನೆಯಲ್ಲಿ ಅಪ್ಪನನ್ನೋ ಅಮ್ಮನನ್ನೋ ಕೂರಿಸಿಕೊಂಡು, ನಿಮ್ಮ ಬದುಕಿನಲ್ಲಿ ಮರೆಯದ ಒಂದು ಬಸ್ಸಿನ ಕಥೆ ಹೇಳಿ ಎಂದು ಕೇಳಿ ಬಂದಿತು. ಎಷ್ಟೊಂದು ಬಂತು ಸಿರಿಲ್! ಹೆರಿಗೆ ನೋವು ಬಂದು ಬಸ್ಸಿನಲ್ಲೇ ಮಣಿಪಾಲದ ಆಸ್ಪತ್ರೆಯವರೆಗೆ ಹೋದವಳ ಕಥೆ, ಆದಿ ಉಡುಪಿ ಸಂತೆಯಲ್ಲಿ ಕೊಂಡ ಕೋಳಿ ಬಸ್ಸಿನೊಳಗೆ ತಪ್ಪಿಸಿಕೊಂಡ ಕಥೆ. ಮಕ್ಕಳಿಗೆ ತಮ್ಮ ಅಪ್ಪ ಅಮ್ಮಂದಿರಿಗೂ ಕಥೆ ಉಂಟು ಎಂದು ಗೊತ್ತಾದದ್ದೇ ಆವಾಗ.

ಕೊನೆಗೆ ನನ್ನನ್ನೂ ಬಿಡಲಿಲ್ಲ. ನಾನು ಒಬ್ಬ ಹುಡುಗಿಯ ಕಥೆ ಹೇಳಿದೆ. ಅವಳು ಟೀಚರ್ ಆಗಲು ಓದುತ್ತಿದ್ದಳು, ದಿನಾ ಬೆಳಿಗ್ಗೆ ಕಾಪುವಿನಿಂದ ಉಡುಪಿಗೆ ಹೋಗಬೇಕು, ದಿನಾ ತಡ. ಓಣಿಯ ಆ ತುದಿಯಿಂದ ಅವಳು ಪುಸ್ತಕ ಎದೆಗವಚಿ ಓಡಿ ಬರುವುದನ್ನು ಕಂಡು ಒಬ್ಬ ಡ್ರೈವರ್ ಎರಡು ಗಿಡ್ಡ ಹಾರ್ನ್ ಹೊಡೆದು ಅರ್ಧ ನಿಮಿಷ ಬಸ್ಸು ನಿಲ್ಲಿಸುತ್ತಿದ್ದ. ನಮ್ಮ ಪ್ರೈವೇಟ್ ಬಸ್ಸುಗಳ ಟೈಮಿಂಗ್ ನಿನಗೆ ಹೇಳಬೇಕಾ! ಅರ್ಧ ನಿಮಿಷಕ್ಕೆ ಹಿಂದಿನ ಬಸ್ಸಿನವ ಜಗಳಕ್ಕೆ ಬರುತ್ತಾನೆ, ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್ ಬೈಯುತ್ತಾನೆ. ಆದರೂ ಅವನು ದಿನಾ ಕಾದ. ಯಾವ ಹುಡುಗಿ, ಯಾವ ಡ್ರೈವರ್ ಎಂದು ನಾನು ಹೇಳಲಿಲ್ಲ. ಮಕ್ಕಳು ಅದನ್ನೇ ನಾಟಕದ ಬೆನ್ನೆಲುಬು ಮಾಡಿಕೊಂಡರು. ರಾತ್ರಿಯ ಕೊನೆಯ ಟ್ರಿಪ್, ಜಡಿ ಮಳೆ, ದಿನಾ ಬರುವ ಒಬ್ಬಳು ಇನ್ನೂ ಬಂದಿಲ್ಲ. ಕಾಯಬೇಕೋ ಬಿಡಬೇಕೋ ಎಂದು ಇಡೀ ಬಸ್ಸು ಚರ್ಚೆ ಮಾಡುತ್ತದೆ, ಚರ್ಚೆಯ ನಡುವೆ ಒಬ್ಬೊಬ್ಬರ ಕಥೆ ಹೊರಗೆ ಬರುತ್ತದೆ. ಕೊನೆಗೆ ತೀರ್ಮಾನ ಡ್ರೈವರನದ್ದು. ಅವನಿಗೆ ಇಡೀ ನಾಟಕದಲ್ಲಿ ಇರುವುದು ಒಂದೇ ಮಾತು: "ಬರಲಿ, ಕಾಯುವ." ಇಷ್ಟು ಬಾಯಿಪಾಠ ಮಾಡಲು ನಿನಗೆ ಕಷ್ಟವಿಲ್ಲ ಎಂದುಕೊಳ್ಳುತ್ತೇನೆ.

ಮೊದಲ ಅಭ್ಯಾಸದ ದಿನದ ಕಥೆ ಕೇಳು. ಉಜ್ವಲ್ ಎಂಬ ಹುಡುಗನ ಅಜ್ಜಿ ಅಕ್ಕು, ಮೀನು ಮಾರುವವರು, ನಿನ್ನ ಬಸ್ಸಿನಲ್ಲೂ ಬಂದಿರಬಹುದು. ಬೋಟಿಗೆ ರಜೆ ಇರುವುದರಿಂದ ಈಗ ಒಣಮೀನು ಮಾರುತ್ತಾರೆ. ಬುಟ್ಟಿಯ ಸಮೇತ ನೇರ ಅಭ್ಯಾಸಕ್ಕೇ ಬಂದರು. ಪ್ಲಾಸ್ಟಿಕ್ ಕುರ್ಚಿಗಳ ಬಸ್ಸು ಹತ್ತಿದ್ದೇ ತಡ, ಯಾರೂ ಹೇಳಿಕೊಡದೆ ಹೆಂಗಸರೆಲ್ಲ ಮುಂದೆ, ಗಂಡಸರೆಲ್ಲ ಹಿಂದೆ. ಗಂಡ ಹೆಂಡತಿ ಒಟ್ಟಿಗೆ ಕುಳಿತುಕೊಳ್ಳಿ ಎಂದು ನಾನು ಹೇಳಿದರೆ ಬಸ್ಸಿನಲ್ಲಿ ಹಾಗೆ ಯಾರು ಕೂರುತ್ತಾರೆ ಎಂದು ನನಗೇ ಬುದ್ಧಿ ಹೇಳಿದರು. ಕ್ಯಾರೆನ್ ವಿಸಿಲ್ ಊದಿ ಬಸ್ಸು ಬಿಟ್ಟಳು. ಎಲ್ಲರೂ ಒಂದೇ ರೀತಿ ಅಲುಗಾಡುತ್ತಾ ಕುಳಿತಿದ್ದಾರೆ. ಅಕ್ಕು ಅವರ ದೊಡ್ಡ ಮಾತು ಇನ್ನೂ ಬರಬೇಕಿತ್ತು. ಅಷ್ಟರಲ್ಲಿ ಕ್ಯಾರೆನ್ "ಉಚ್ಚಿಲ, ಉಚ್ಚಿಲ" ಎಂದು ಕೂಗಿದಳು ನೋಡು, ಅಕ್ಕು ಎದ್ದು, ಬುಟ್ಟಿ ಎತ್ತಿಕೊಂಡು, ಇಲ್ಲದ ಮೆಟ್ಟಿಲನ್ನು ಜಾಗ್ರತೆಯಾಗಿ ಇಳಿದು, ಸಭಾಂಗಣದ ಬಾಗಿಲು ದಾಟಿ ಗೇಟಿನವರೆಗೆ ಹೋಗಿಬಿಟ್ಟರು! ಉಜ್ವಲ್ ಓಡಿಹೋಗಿ ಕರೆತಂದ. "ಎಂತ ಮಾಡುವುದು ಟೀಚರೇ, ಆ ಕೂಗು ಕೇಳಿದರೆ ಕಾಲು ನಿಲ್ಲುವುದಿಲ್ಲ" ಎಂದು ಅಕ್ಕು. ಅವತ್ತು ನಾವೆಲ್ಲ ನಕ್ಕದ್ದಕ್ಕೆ ಲೆಕ್ಕವಿಲ್ಲ. ಆ ನಗುವಿನ ನಂತರ ಯಾರಿಗೂ ಹೆದರಿಕೆ ಉಳಿಯಲಿಲ್ಲ. ಅಕ್ಕು ಇಳಿದುಹೋಗುವುದನ್ನು ನಾಟಕದಲ್ಲೇ ಸೇರಿಸಿಕೊಂಡಿದ್ದೇವೆ.

ಈಗ ವಾರಕ್ಕೆ ಮೂರು ಸಂಜೆ ಬರುತ್ತಾರೆ. ಬಸ್ಸಿನ ಬದಿಗೆ ಗಂಡಸರು ನೀಲಿ ಟರ್ಪಾಲು ಕಟ್ಟಿ ಬಣ್ಣ ಬಳಿದಿದ್ದಾರೆ. ತಾರಾನಾಥ ಯಾವುದೋ ಹಳೆಯ ಬೋಟಿನ ಚಕ್ರ ತಂದು ಸ್ಟಿಯರಿಂಗ್ ಮಾಡಿದ್ದಾನೆ. ಸ್ಯಾಮ್ಸನ್‌ನ ಅಪ್ಪ ಆಂಟನಿ ಕುವೈಟಿನಲ್ಲಿದ್ದಾನಲ್ಲ, ಅವನೂ ಪಾತ್ರ ಬಿಡಲಿಲ್ಲ. ಅವನ ಮಾತುಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದ್ದಾನೆ, ಬಸ್ಸಿನಲ್ಲಿ ಅವನ ಹೆಂಡತಿ ಗ್ಲೋರಿಯಾಳ ಫೋನು ರಿಂಗಾಗುತ್ತದೆ, ಅವನು ಅಲ್ಲಿಂದ ಬಸ್ಸು ಎಲ್ಲಿ ಮುಟ್ಟಿತು ಎಂದು ಕೇಳುತ್ತಾನೆ. ಹೇಳು ಸಿರಿಲ್, ಕುವೈಟಿನಿಂದ ಆಗುವುದು ಕಾರ್ಕಳದಿಂದ ಆಗುವುದಿಲ್ಲವಾ?

ಇಷ್ಟು ಹೊತ್ತು ತಮಾಷೆ ಮಾಡಿದೆ. ಇನ್ನು ನನಗೆ ಕೋಪ ಬಂದ ವಿಷಯ ಹೇಳುತ್ತೇನೆ, ಬಸ್ಸು ನಿಂತಿರುವಾಗ ಓದು.

ಡ್ರೈವರ್ ಯಾರು ಎಂಬ ಮಾತು ಬಂದ ದಿನ, ಅಭ್ಯಾಸ ಮುಗಿದ ಮೇಲೆ ಅಕ್ಕು ನನ್ನ ಹತ್ತಿರ ಬಂದರು. ಕ್ಯಾರೆನಳ ಅಪ್ಪನೇ ಆಗಬೇಕಿತ್ತು, ಆದರೆ ಅವರು ಈ ಶಾಲೆಗೆ ಇನ್ನು ಕಾಲಿಡಲಿಕ್ಕಿಲ್ಲ ಎಂದರು. ಯಾಕೆ ಎಂದು ಕೇಳಿದೆ. ಅವರಿಗೆ ಆಶ್ಚರ್ಯ, ನಿಮಗೆ ಗೊತ್ತಿಲ್ಲವಾ ಎಂದು. ಆಮೇಲೆ ಹೇಳಿದರು. ಕ್ಯಾರೆನ್ ಎಂಟನೇ ತರಗತಿಯಲ್ಲಿದ್ದಾಗಿನ ವಾರ್ಷಿಕೋತ್ಸವದ ಸಂಜೆ ನೀನು ಬಂದಿದ್ದೆ. ಟ್ರಿಪ್ ಮುಗಿಸಿ ಖಾಕಿ ಅಂಗಿಯಲ್ಲೇ ಬಂದು ಮುಂದಿನ ಸಾಲಿನ ಒಂದು ಕುಶನ್ ಕುರ್ಚಿಯಲ್ಲಿ ಕುಳಿತಿದ್ದೆ. ಎದೆಗೆ ಬ್ಯಾಡ್ಜ್ ಸಿಕ್ಕಿಸಿಕೊಂಡವನೊಬ್ಬ ಬಂದು ಇದು ಅತಿಥಿಗಳಿಗೆ ಎಂದು ಎಬ್ಬಿಸಿದ. ಅದರ ಹಿಂದಿನ ಸಾಲಿಗೆ ಹೋದೆ, ಇದು ದಾನಿಗಳಿಗೆ ಎಂದು ಅಲ್ಲಿಂದಲೂ ಎಬ್ಬಿಸಿದ. ಬಸ್ಸಿನವರು ಹೊರಗೆ ನಿಲ್ಲಿ ಎಂದನಂತೆ, ಯಾರದೋ ಬಾಡಿಗೆ ಬಸ್ಸಿನ ಡ್ರೈವರ್ ಎಂದುಕೊಂಡು. ನೀನು ಹೋಗಿ, ಚಪ್ಪಲಿ ಬಿಡುವಲ್ಲಿ ಅಕ್ಕುವಿನ ಪಕ್ಕ ನಿಂತು ಕಿಟಕಿಯಿಂದ ಮಗಳ ನಾಟಕ ಪೂರ್ತಿ ನೋಡಿದೆ. ಮುದುಕಿಯ ವೇಷದ ಕ್ಯಾರೆನಳ ಕೈಯಿಂದ ಕೋಲು ಜಾರಿ ಬಿದ್ದಾಗ ಅವಳು "ಅಯ್ಯೋ ನನ್ನ ಮೂರನೇ ಕಾಲು" ಎಂದು ಸಂಭಾಳಿಸಿದಳಲ್ಲ, ಆಗ ಎಲ್ಲರಿಗಿಂತ ಜೋರಾಗಿ ನಕ್ಕವನು ಕಿಟಕಿಯ ಹೊರಗಿನವನಂತೆ.

ನಾನು ಆ ಹೊತ್ತಿಗೆ ಪರದೆಯ ಹಿಂದೆ ಮಕ್ಕಳಿಗೆ ಬಣ್ಣ ಹಚ್ಚುತ್ತಿದ್ದೆ. ಮನೆಗೆ ಬಂದು ಮಗಳ ನಾಟಕಕ್ಕೂ ನಿನಗೆ ಬರಲಾಗಲಿಲ್ಲವಾ ಎಂದು ಕೇಳಿದೆ. "ಟ್ರಿಪ್ ಇತ್ತು" ಎಂದೆ. ಅಷ್ಟೇ. ಊಟಕ್ಕೆ ಕುಳಿತಾಗ ಕ್ಯಾರೆನಳಿಗೆ ಮಾತ್ರ, ಕೋಲು ಗಟ್ಟಿ ಹಿಡಿಯಬೇಕು ಮಗಾ ಎಂದೆ. ಯಾರೋ ಹೇಳಿರಬೇಕು ಎಂದುಕೊಂಡೆ. ಅಲ್ಲಿಂದ ಶುರುವಾಯಿತು ನಮ್ಮ ಮನೆಯಲ್ಲಿ ಮಾತು ಕಡಿಮೆಯಾಗುವುದು. ನಿನಗೆ ನನ್ನ ಶಾಲೆ, ನಾಟಕ ಎಂದರೆ ತಾತ್ಸಾರ ಎಂದು ನಾನು. ಟೀಚರಮ್ಮನಿಗೆ ಬಸ್ಸಿನವ ಲೆಕ್ಕಕ್ಕಿಲ್ಲ ಎಂದು ನೀನು. ಕೊನೆಗೆ ಬಸ್ಸಿಗೆ ರಾತ್ರಿ ಕಾರ್ಕಳದಲ್ಲಿ ಹಾಲ್ಟ್, ಬೆಳಗ್ಗಿನ ಮೊದಲ ಟ್ರಿಪ್ಪಿಗೆ ಅಲ್ಲಿಂದಲೇ ಸುಲಭ ಎಂದು ತಂಗಿ ಲವಿಟಾಳ ಮನೆಗೆ ಬ್ಯಾಗು ಒಯ್ದೆ. ಆ ಬಸ್ಸು ಮದುವೆಯ ಕಾಲದಿಂದಲೂ ಕಾರ್ಕಳದಲ್ಲೇ ಹಾಲ್ಟ್ ಆಗುತ್ತಿತ್ತು ಮಾರಾಯಾ. ಆಗೆಲ್ಲ ಹೇಗೆ ಮನೆಗೆ ಬರುತ್ತಿದ್ದೆ?

ಅಕ್ಕು ಹೇಳಿ ಮುಗಿಸಿದಾಗ ಆ ಬ್ಯಾಡ್ಜಿನವನ ಮೇಲೆ ನನಗೆ ಬಂದ ಕೋಪ ಒಂದು ಕೊಡ, ನಿನ್ನ ಮೇಲೆ ಬಂದದ್ದು ಏಳು ಕೊಡ. ಒಂದು ಮಾತು ಹೇಳಿದ್ದರೆ ಆಗುತ್ತಿರಲಿಲ್ಲವಾ? ರಸ್ತೆಯಲ್ಲಿ ಒಬ್ಬ ಅಡ್ಡ ಬಂದರೆ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಬೈಯುವ ಬಾಯಿ, ಹೆಂಡತಿಗೆ "ನನ್ನನ್ನು ಎಬ್ಬಿಸಿದರು" ಎಂದು ಹೇಳಲು ಬರಲಿಲ್ಲವಾ? ನೀನು ಹೇಳಿದ್ದರೆ ಮರುದಿನವೇ ನಾನು ಆ ಕುರ್ಚಿಗಳನ್ನು ಅಂಗಳಕ್ಕೆ ಎಸೆಯುತ್ತಿದ್ದೆ. ನನಗೆ ಅಳು ಬಂತು ಸಿರಿಲ್. ನೀನು ಕಿಟಕಿಯ ಹೊರಗೆ ನಿಂತು ನಗುವುದನ್ನು ನೆನೆಸಿಕೊಂಡು ಅಳು ಬಂತು. ನೋಡು, ಕನ್ನಡದಲ್ಲೂ ಬರುತ್ತದೆ.

ಮರುದಿನ ನೇರ ಹೆಡ್ ಮಾಸ್ಟರರ ಕೋಣೆಗೆ ಹೋದೆ. ಬ್ಯಾಪ್ಟಿಸ್ಟ್ ಸರ್ ಒಳ್ಳೆಯವರೇ, ಆದರೆ ಅವರಿಗೆ ಮುಖ್ಯ ಅತಿಥಿ ಇಲ್ಲದ ಕಾರ್ಯಕ್ರಮ ಎಂದರೆ ಉಪ್ಪಿಲ್ಲದ ಗಂಜಿ. ಈ ಸಲ ಅತಿಥಿಗಳ ಸಾಲು ಇಲ್ಲ, ಶಾಲು ಇಲ್ಲ, ಹಾರ ಇಲ್ಲ, ಬಂದವರು ಎಲ್ಲಿ ಜಾಗ ಉಂಟೋ ಅಲ್ಲಿ ಕುಳಿತುಕೊಳ್ಳುವುದು ಎಂದೆ. ದಾನಿಗಳು ಏನೆಂದುಕೊಳ್ಳುತ್ತಾರೆ ಎಂದು ಅವರು. ಎರಡು ವರ್ಷದ ಹಿಂದೆ ನಮ್ಮ ಸಭಾಂಗಣದಲ್ಲಿ ಒಬ್ಬ ತಂದೆ ಏನೆಂದುಕೊಂಡರು ಎಂದು ನಾನು ಕೇಳಿ, ನಡೆದದ್ದನ್ನು ಹೇಳಿದೆ. ಯಾರ ತಂದೆ ಎಂದರು. ನನ್ನ ಮಗಳ ತಂದೆ ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. ಆಮೇಲೆ, ಹಾಗಾದರೆ ಆ ಬಸ್ಸಿನಲ್ಲಿ ನನಗೂ ಒಂದು ಸೀಟು ಸಿಗಬಹುದಾ, ಕಿಟಕಿ ಬದಿಯದ್ದು ಎಂದು ಕೇಳಿದರು. ಸಿಕ್ಕಿತು. ಪಕ್ಕದಲ್ಲಿ ಅಕ್ಕುವಿನ ಒಣಮೀನಿನ ಬುಟ್ಟಿ. ಅತಿಥಿಗಳ ಕುಶನ್ ಕುರ್ಚಿಗಳಲ್ಲಿ ಒಂದನ್ನು ನಾನೇ ಎಳೆದು ತಂದು ಡ್ರೈವರ್ ಸೀಟು ಮಾಡಿದ್ದೇನೆ. ಉಳಿದವು ಉಗ್ರಾಣದಲ್ಲಿ ಬೀಗ ಹಾಕಿಕೊಂಡಿವೆ, ಕೀಲಿ ಕೈ ನನ್ನ ಬ್ಯಾಗಿನಲ್ಲಿ.

ಆ ಡ್ರೈವರ್ ಸೀಟಿಗೆ ಜನ ಇರಲಿಲ್ಲವೆಂದಲ್ಲ. ಬೋಟು ಓಡಿಸಿದವನಿಗೆ ಬಸ್ಸು ಎಂತ ದೊಡ್ಡದು ಎಂದು ತಾರಾನಾಥ ಕುಳಿತುಕೊಳ್ಳಲು ತಯಾರಾಗಿದ್ದ. ಮರುದಿನ ಬಂದು ನೋಡಿದರೆ ಸೀಟಿನ ಮೇಲೆ ಒಂದು ಬೈರಾಸು. ನಿನ್ನದೇ, ನೀಲಿ ಚೌಕಳಿಯದ್ದು, ಬೆವರು ಒರೆಸಲು ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದೆಯಲ್ಲ, ಮನೆ ಬಿಡುವಾಗ ಬಚ್ಚಲಿನ ಗೂಟದಲ್ಲೇ ಮರೆತುಹೋದದ್ದು. ಕ್ಯಾರೆನ್ ಅಲ್ಲದೆ ಬೇರೆ ಯಾರು ತಂದು ಹಾಕುತ್ತಾರೆ? ನಮ್ಮೂರಿನ ಬಸ್ಸಿನಲ್ಲಿ ಬೈರಾಸು ಹಾಕಿಟ್ಟ ಸೀಟಿನ ಮರ್ಯಾದೆ ನಿನಗೆ ಗೊತ್ತು. ನಿಂತು ನಿಂತು ಕಾಲು ಬಿದ್ದುಹೋದರೂ ಅದರಲ್ಲಿ ಯಾರೂ ಕೂರುವುದಿಲ್ಲ, ಜನ ಬರುತ್ತಾರೆ ಎಂದು ಬಿಟ್ಟುಕೊಡುತ್ತಾರೆ. ತಾರಾನಾಥ ಬೈರಾಸು ನೋಡಿದ, ಹಿಂದಿನ ಸೀಟಿಗೆ ಹೋದ. ಬ್ಯಾಪ್ಟಿಸ್ಟ್ ಸರ್ ಕೂಡ ಅದರ ಸುತ್ತ ಬಳಸಿಕೊಂಡೇ ಹೋಗುತ್ತಾರೆ. ಯಾರನ್ನು ಅಲ್ಲಿ ಎರಡು ಸಲ ಎಬ್ಬಿಸಿದರೋ ಅವನ ಸೀಟಿಗೆ ಈಗ ಇಡೀ ಬಸ್ಸು ಕಾವಲು ಕುಳಿತಿದೆ. ಅಭ್ಯಾಸದಲ್ಲಿ ಡ್ರೈವರನ ಮಾತು ಬರುವ ಜಾಗಕ್ಕೆ ಬಂದಾಗ ಎಲ್ಲರೂ ಸುಮ್ಮನಾಗುತ್ತಾರೆ, ಅಷ್ಟು ಹೊತ್ತು ಬಿಟ್ಟು ಮುಂದೆ ಹೋಗುತ್ತೇವೆ.

ನೀನು ಹೇಳಬಹುದಾದ ನೆಪಗಳೆಲ್ಲ ನನಗೆ ಗೊತ್ತಿರುವುದರಿಂದ ನಿನಗೆ ಕಷ್ಟ ಕೊಡುವುದಿಲ್ಲ. ಆದಿತ್ಯವಾರ ಟ್ರಿಪ್ ಉಂಟು ಅನ್ನುತ್ತೀಯ. ಈ ಪತ್ರ ತಂದುಕೊಟ್ಟ ರೂಪೇಶ್ ಅವತ್ತು ನಿನ್ನ ಬದಲಿಗೆ ಬಸ್ಸು ಓಡಿಸುತ್ತಾನೆ, ಮಾತಾಡಿಯಾಗಿದೆ. ಮಾಲಕರಿಗೂ ಹೇಳಿದ್ದೇನೆ, ಅವರು ನಾಟಕದ ಬಸ್ಸಿಗೆ ನಿಜವಾದ ಹಾರ್ನ್ ಒಂದು ಕಳಿಸಿದ್ದಾರೆ. ಹಾಕಲು ಒಳ್ಳೆಯ ಅಂಗಿ ಇಲ್ಲ ಅನ್ನುತ್ತೀಯ. ಒಳ್ಳೆಯ ಅಂಗಿ ಹಾಕಿಕೊಂಡು ಬಂದರೆ ಗೇಟಿನಿಂದಲೇ ವಾಪಸ್ಸು ಕಳಿಸುತ್ತೇನೆ. ಆ ಖಾಕಿ ಅಂಗಿಯಲ್ಲೇ ಬರಬೇಕು. ಎಲ್ಲರೂ ನೋಡಬೇಕು. ಅಭ್ಯಾಸವಿಲ್ಲ ಅನ್ನುತ್ತೀಯ. ಇಪ್ಪತ್ತು ವರ್ಷದಿಂದ ನೀನು ಮಾಡಿದ್ದು ಮತ್ತೇನು?

ಇನ್ನೊಂದು ವಿಷಯ. ಕರಪತ್ರಕ್ಕೆ ಹೆಸರು ಕೊಟ್ಟಾಗಿದೆ. "ಕಂಡಕ್ಟರ್: ಕ್ಯಾರೆನ್. ಡ್ರೈವರ್: ಸಿರಿಲ್, ಕ್ಯಾರೆನಳ ತಂದೆ." ನೀನು ಒಪ್ಪಿದ್ದೀಯ ಎಂದು ಎಲ್ಲರಿಗೂ ಹೇಳಿದ್ದೇನೆ. ಒಪ್ಪಿಲ್ಲ ಎಂಬ ಸಣ್ಣ ವಿಷಯ ಈಗ ನಿನಗೊಬ್ಬನಿಗೇ ಗೊತ್ತಿರುವುದು. ನೀನು ಬಾರದಿದ್ದರೆ ಬೇರೆಯವರನ್ನು ಕೂರಿಸುತ್ತೇನೆ ಎಂದುಕೊಳ್ಳಬೇಡ. ಮೂರು ಗಂಟೆಗೆ ಪರದೆ ಏಳುತ್ತದೆ, ಬಸ್ಸು ನಿಂತಿರುತ್ತದೆ, ಸೀಟು ಖಾಲಿ ಇರುತ್ತದೆ, ಕಂಡಕ್ಟರ್ ಕೈಯಲ್ಲಿ ವಿಸಿಲ್ ಹಿಡಿದು ನಿಂತಿರುತ್ತಾಳೆ. ಡ್ರೈವರ್ ಇಲ್ಲದೆ ಬಸ್ಸು ಬಿಡುವ ಪದ್ಧತಿ ಇಲ್ಲ. ನಾವು ಕಾಯುತ್ತೇವೆ.

ಬಾಗಿಲಲ್ಲಿ ಯಾರೂ ಬ್ಯಾಡ್ಜ್ ಹಾಕಿಕೊಂಡು ನಿಂತಿರುವುದಿಲ್ಲ. ಅಕ್ಕು ನಿಂತಿರುತ್ತಾರೆ. ನಿನ್ನನ್ನು ಕೈಹಿಡಿದು ಒಳಗೆ ಕರೆದುಕೊಂಡು ಬರುವ ಕೆಲಸ ತನ್ನದೇ ಎಂದು ಹಠ ಮಾಡಿ ಇಸಿದುಕೊಂಡಿದ್ದಾರೆ.

ಓಡಿ ಬರುವ ಹುಡುಗಿಯ ಪಾತ್ರ ಯಾರದ್ದು ಎಂದು ಕ್ಯಾರೆನಳನ್ನು ಕೇಳಬೇಡ, ಅದು ಗುಟ್ಟಿನಲ್ಲಿ ಇರಲಿ. ಮಳೆ ಮತ್ತೆ ಶುರುವಾಯಿತು. ರೂಪೇಶನ ಬಸ್ಸು ಬರುವ ಹೊತ್ತಾಯಿತು, ಇದನ್ನು ಅವನ ಕೈಯಲ್ಲಿ ಕೊಡಬೇಕು. ಲವಿಟಾಳನ್ನೂ ಕರೆದುಕೊಂಡು ಬಾ. ಅವಳಿಗೆ ಸೀಟು ಸಿಗದಿದ್ದರೂ ನಿಲ್ಲಲು ಜಾಗ ಉಂಟು.

ಇತಿ,
ಆಂಜೆಲಾ
ಕನ್ನಡ ಟೀಚರ್, ಮತ್ತು ಕ್ಯಾರೆನಳ ಅಮ್ಮ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ಬೈರಾಸು ಹಾಕಿದ್ದು ಕ್ಯಾರೆನ್ ಅಲ್ಲ. ಅವಳು ಆಸೆ ಬಿಟ್ಟು, ತಾರಾನಾಥ ಅಂಕಲೇ ಸಾಕು ಮಮ್ಮಿ ಎಂದಿದ್ದಳು. ಬೆಳಿಗ್ಗೆ ಶಾಲೆಗೆ ಯಾರೂ ಬರುವ ಮೊದಲು ಹೋಗಿ ಹಾಕಿದ್ದು ನಾನು. ನೀನು ಬಿಟ್ಟುಹೋದ ದಿನದಿಂದ ಅದನ್ನು ಒಗೆಯದೆ ನನ್ನ ಕಪಾಟಿನಲ್ಲಿ ಇಟ್ಟುಕೊಂಡಿದ್ದೆ. ಕ್ಯಾರೆನ್ ಕಂಡುಹಿಡಿದಿದ್ದಾಳೆ, ಈಗ ಪ್ರತಿ ಅಭ್ಯಾಸಕ್ಕೆ ಮೊದಲು ಅದನ್ನು ಸರಿಮಾಡಿ ಮಡಿಸಿ ಇಡುತ್ತಾಳೆ. ಮತ್ತೆ, ಓಡಿ ಬರುವವಳ ಪಾತ್ರ ನನ್ನದೇ. ಎರಡು ಗಿಡ್ಡ ಹಾರ್ನ್ ಹೊಡಿ, ಬರುತ್ತೇನೆ. ಮೊದಲಿನ ಹಾಗೆ ಓಡಲು ಆಗುವುದಿಲ್ಲ ಸಿರಿಲ್, ಅರ್ಧ ನಿಮಿಷ ಸಾಲದು. ಈ ಸಲ ಒಂದು ನಿಮಿಷ ಕಾಯಬೇಕು.